ದೋಣಿಯ ಮೂತಿಭಾರ: ಟ್ರೇಲರ್ ಸಾಗಣೆಯಲ್ಲಿ ಜಮಾ-ಖರ್ಚಿನ ಲೆಕ್ಕ

ಎತ್ತಿನ ಗಾಡಿಗೆ ಮೂಟೆ ಹೇರುವುದನ್ನು ಕಂಡವರು ನಮ್ಮ ಸದಸ್ಯ ಬಾಂಧವರಲ್ಲಿ ಇನ್ನೂ ಅನೇಕರಿದ್ದಾರೆ. ಭಾರ ಮುಂದಕ್ಕೆ ಹೆಚ್ಚಾದರೆ ನೊಗವು ಎತ್ತುಗಳ ಹೆಗಲನ್ನು ಒತ್ತುತ್ತದೆ. ಹಿಂದಕ್ಕೆ ಹೆಚ್ಚಾದರೆ ನೊಗವೇ ಮೇಲೇಳುತ್ತದೆ. ಆದುದರಿಂದ ಗಾಡಿಯವನು ಮೂಟೆಗಳನ್ನು ಹಿಂದೆ ಮುಂದೆ ಸರಿಸಿ, ನೊಗವನ್ನು ಕೈಯಿಂದ ಎತ್ತಿ ನೋಡಿ, ಸ್ವಲ್ಪ ಮುಂಭಾರ ಉಳಿದಿದೆ ಎಂದು ಖಾತ್ರಿಯಾದ ಮೇಲೆಯೇ ಎತ್ತುಗಳನ್ನು ಹೂಡುತ್ತಿದ್ದನು. ಇಂದು ಎತ್ತಿನ ಸ್ಥಾನದಲ್ಲಿ ಜೀಪು ಬಂದಿದೆ, ಗಾಡಿಯ ಸ್ಥಾನದಲ್ಲಿ ಟ್ರೇಲರ್ ಬಂದಿದೆ. ನೊಗವನ್ನು ಎತ್ತಿ ನೋಡುವ ಅಭ್ಯಾಸ ಮಾತ್ರ ನಮ್ಮಿಂದ ದೂರವಾಗಿದೆ.

ಲೆಕ್ಕಪರಿಶೋಧಕನಾದ ನನಗೂ ದೋಣಿಯ ಟ್ರೇಲರಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರೊಬ್ಬರು ಅನುಭವಿಸಿದ ನಷ್ಟವೇ ಆ ಸಂಬಂಧ. ಅವರು ಕರಾವಳಿಯಲ್ಲಿ ಫೈಬರ್ ಗ್ಲಾಸ್ ದೋಣಿಗಳನ್ನು ತಯಾರಿಸುವ ಸಣ್ಣ ಉದ್ಯಮಿ. ಸುಮಾರು 5 ಮೀಟರ್ ಉದ್ದದ ದೋಣಿಯೊಂದನ್ನು ಮಲೆನಾಡಿನ ಜಲಾಶಯದ ಹಿನ್ನೀರಿಗೆ ತಲುಪಿಸಬೇಕಾಗಿತ್ತು. ಅದೇ ಟ್ರೇಲರಿನಲ್ಲಿ ಅದೇ ಅಳತೆಯ ದೋಣಿಗಳನ್ನು ಅವರು ಹಲವು ಸಲ ಸಾಗಿಸಿದ್ದರು. ಆ ದಿನ ಹೆದ್ದಾರಿಯ ಇಳಿಜಾರಿನಲ್ಲಿ ಟ್ರೇಲರ್ ಬಾಲ ಬೀಸತೊಡಗಿತು. ಗಾಬರಿಗೊಂಡ ಚಾಲಕ ಬಲವಾಗಿ ಬ್ರೇಕ್ ಒತ್ತಿದನು. ಟ್ರೇಲರ್ ಅಡ್ಡಕ್ಕೆ ತಿರುಗಿ ದೋಣಿ ರಸ್ತೆಗೆ ಉರುಳಿತು. ಹಿಂದಿನಿಂದ ಬರುತ್ತಿದ್ದ ದ್ವಿಚಕ್ರ ಸವಾರನೊಬ್ಬ ಕೂದಲೆಳೆಯ ಅಂತರದಲ್ಲಿ ಪಾರಾದನು. ವಿಮಾ ಸಮೀಕ್ಷಕರು ಬಂದು ಕೇಳಿದ ಮೊದಲ ಪ್ರಶ್ನೆ ಹೀಗಿತ್ತು: “ಕೊಂಡಿಯ ಮೇಲೆ ಎಷ್ಟು ಭಾರವಿತ್ತು?” ಉತ್ತರ ಯಾರಲ್ಲಿಯೂ ಇರಲಿಲ್ಲ.

ಮೂತಿಭಾರ ಎಂದರೇನು?

ಟ್ರೇಲರಿನ ಮುಂತುದಿಯು ಎಳೆಯುವ ವಾಹನದ ಕೊಂಡಿಯನ್ನು ಕೆಳಕ್ಕೆ ಒತ್ತುವ ಭಾರವನ್ನು ಮೂತಿಭಾರ ಎನ್ನೋಣ. ಇದು ಟ್ರೇಲರಿನ ಒಟ್ಟು ತೂಕದ ಒಂದು ಸಣ್ಣ ಅಂಶ. ಉಳಿದ ಭಾರವನ್ನೆಲ್ಲ ಟ್ರೇಲರಿನ ಚಕ್ರಗಳು ಹೊರುತ್ತವೆ. ಬ್ರಿಟನ್ನಿನಲ್ಲಿ ಒಟ್ಟು ತೂಕದ ಶೇ. 5ರಿಂದ 7ರಷ್ಟು ಮೂತಿಭಾರ ಇರಬೇಕೆಂಬುದು ರೂಢಿಯ ಸಲಹೆ. ಅಮೆರಿಕದಲ್ಲಿ ಸಾಮಾನ್ಯ ಟ್ರೇಲರುಗಳಿಗೆ ಶೇ. 10ರಿಂದ 15 ಎಂದೂ, ದೋಣಿಯ ಟ್ರೇಲರುಗಳಿಗೆ ಶೇ. 5ರಿಂದ 10 ಸಾಕೆಂದೂ ಹೇಳುವುದುಂಟು. ಶೇ. 5ಕ್ಕಿಂತ ಕೆಳಗಿಳಿದರೆ ಅಪಾಯವೆಂಬುದು ಈ ಸಲಹೆಗಳ ಸಾರ.

ಮೂತಿಭಾರ ಕಡಿಮೆಯಾದರೆ ಟ್ರೇಲರ್ ಅಕ್ಕಪಕ್ಕಕ್ಕೆ ತೂಗಾಡುತ್ತದೆ. ನಿಧಾನವಾಗಿ ಹೋಗುವಾಗ ಈ ತೂಗಾಟ ತಾನಾಗಿಯೇ ಅಡಗುತ್ತದೆ. ವೇಗ ಹೆಚ್ಚಿದಂತೆ ಅಡಗುವ ಗುಣ ಕುಂದುತ್ತದೆ. ಒಂದು ಮಿತಿಯನ್ನು ದಾಟಿದ ಮೇಲೆ ಪ್ರತಿಯೊಂದು ಬೀಸೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಮೂತಿಭಾರ ಅತಿಯಾದರೆ ಬೇರೊಂದು ತೊಂದರೆ: ವಾಹನದ ಹಿಂಭಾಗ ಕುಸಿದು ಮುಂದಿನ ಚಕ್ರಗಳು ಹಗುರವಾಗುತ್ತವೆ, ಸ್ಟಿಯರಿಂಗ್ ಹಿಡಿತ ಸಡಿಲವಾಗುತ್ತದೆ, ದೀಪದ ಬೆಳಕು ಎದುರಿನವರ ಕಣ್ಣಿಗೆ ಬೀಳುತ್ತದೆ. ಕೊಂಡಿಯು ಹೊರಬಲ್ಲ ಗರಿಷ್ಠ ಭಾರವನ್ನು ವಾಹನದ ಕೈಪಿಡಿಯಲ್ಲಿ ನೋಡಿಕೊಳ್ಳುವುದು ಅಗತ್ಯ.

ಲೆಕ್ಕ ಬರೆಯುವ ಕ್ರಮ

ಈ ಲೆಕ್ಕವು ನಮ್ಮ ಜಮಾ-ಖರ್ಚಿನ ಪುಸ್ತಕದಂತೆಯೇ ಇದೆ. ಟ್ರೇಲರಿನ ಅಚ್ಚನ್ನು ಮಧ್ಯದ ಗೆರೆ ಎಂದು ಭಾವಿಸಬೇಕು. ಅಚ್ಚಿನ ಮುಂದಿರುವ ಪ್ರತಿಯೊಂದು ಭಾರವೂ ಜಮಾ, ಹಿಂದಿರುವುದು ಖರ್ಚು. ತೂಕವನ್ನು ಅಚ್ಚಿನಿಂದ ಇರುವ ದೂರದಿಂದ ಗುಣಿಸಿದರೆ ಒಂದೊಂದು ನಮೂದು ಸಿದ್ಧವಾಗುತ್ತದೆ. ನಿವ್ವಳ ಶಿಲ್ಕನ್ನು ಅಚ್ಚಿನಿಂದ ಕೊಂಡಿಯವರೆಗಿನ ದೂರದಿಂದ ಭಾಗಿಸಿದರೆ ಬರುವುದೇ ಮೂತಿಭಾರ. ನನ್ನ ಕಕ್ಷಿದಾರರ ಟ್ರೇಲರಿನ ಅಂಕಿಗಳನ್ನು ಸರಿಸುಮಾರಿಗೆ ಇಳಿಸಿ ಕೆಳಗೆ ಕೊಟ್ಟಿದ್ದೇನೆ. ಅಚ್ಚಿನಿಂದ ಕೊಂಡಿಗೆ 4 ಮೀಟರ್.

ಜಮಾ:
ಟ್ರೇಲರಿನ ಚೌಕಟ್ಟು 250 ಕಿಲೋ × 0.8 ಮೀಟರ್ = 200
ದೋಣಿಯ ಒಡಲು 550 ಕಿಲೋ × 0.4 ಮೀಟರ್ = 220
ಲಂಗರು, ಹಗ್ಗ ಇತ್ಯಾದಿ 40 ಕಿಲೋ × 2.0 ಮೀಟರ್ = 80
ಒಟ್ಟು ಜಮಾ 500

ಖರ್ಚು:
ಹೊರ ಎಂಜಿನ್ 120 ಕಿಲೋ × 2.0 ಮೀಟರ್ = 240
ಇಂಧನ, ಬ್ಯಾಟರಿ 60 ಕಿಲೋ × 1.5 ಮೀಟರ್ = 90
ಒಟ್ಟು ಖರ್ಚು 330

ನಿವ್ವಳ ಶಿಲ್ಕು 170. ಇದನ್ನು 4ರಿಂದ ಭಾಗಿಸಿದರೆ ಮೂತಿಭಾರ 42.5 ಕಿಲೋ. ಒಟ್ಟು ತೂಕ 1,020 ಕಿಲೋ. ಆದುದರಿಂದ ಮೂತಿಭಾರ ಶೇ. 4.2 ಮಾತ್ರ.

ಹಿಂದೆ ಅದೇ ಟ್ರೇಲರ್ ತೊಂದರೆ ಕೊಡದಿರಲು ಕಾರಣವೇನು? ಹಿಂದಿನ ದೋಣಿಗಳಿಗೆ ಸುಮಾರು 85 ಕಿಲೋ ತೂಕದ ಟು ಸ್ಟ್ರೋಕ್ ಎಂಜಿನ್ ಕೂರಿಸುತ್ತಿದ್ದರು. ಆಗ ಎಂಜಿನ್ನಿನ ಖರ್ಚು 170, ಶಿಲ್ಕು 240, ಮೂತಿಭಾರ 60 ಕಿಲೋ, ಅಂದರೆ ಶೇ. 6.1. ಈ ಸಲ ಗ್ರಾಹಕರು ಫೋರ್ ಸ್ಟ್ರೋಕ್ ಎಂಜಿನ್ ಕೇಳಿದ್ದರು. ಕೇವಲ 35 ಕಿಲೋ ಹೆಚ್ಚುವರಿ ತೂಕ. ಆದರೆ ಅದು ಕೂತದ್ದು ಅಚ್ಚಿನಿಂದ 2 ಮೀಟರ್ ಹಿಂದೆ.

ಅಷ್ಟಕ್ಕೇ ನಿಂತಿದ್ದರೆ ಬಹುಶಃ ಪ್ರಯಾಣ ಮುಗಿಯುತ್ತಿತ್ತು. ಹಿಂದಿನ ರಾತ್ರಿ ಮಳೆ ಸುರಿದು ದೋಣಿಯ ತಳದಲ್ಲಿ ನೀರು ನಿಂತಿತ್ತು. ಹಿಂಬದಿಯ ನೀರಿನ ಬಿರಡೆಯನ್ನು ಯಾರೂ ತೆಗೆದಿರಲಿಲ್ಲ. 50 ಲೀಟರ್ ನೀರೆಂದರೆ 50 ಕಿಲೋ. ಅದು ಅಚ್ಚಿನಿಂದ 1.5 ಮೀಟರ್ ಹಿಂದೆ ನಿಂತರೆ 75ರ ಹೊಸ ಖರ್ಚು. ಶಿಲ್ಕು 95ಕ್ಕೆ ಇಳಿಯುತ್ತದೆ, ಮೂತಿಭಾರ 24 ಕಿಲೋಗೂ ಕಡಿಮೆ, ಒಟ್ಟು 1,070 ಕಿಲೋ ತೂಕಕ್ಕೆ ಶೇ. 2.2. ಸಣ್ಣ ಸಣ್ಣ ಸೋರಿಕೆಗಳು ಸೇರಿ ಅಂಗಡಿಯ ಬಂಡವಾಳ ಕರಗುವುದನ್ನು ನಾವು ಕಂಡಿದ್ದೇವೆ. ಇಲ್ಲಿಯೂ ಅದೇ ಆಯಿತು.

ತೂಗುವ ವಿಧಾನ

ಲೆಕ್ಕ ಹಾಕಿದರೆ ಸಾಲದು, ತೂಗಿ ನೋಡಬೇಕು. ವೇ ಬ್ರಿಡ್ಜಿನಲ್ಲಿ ಮೂರು ತೂಕಗಳು ಸಾಕು. ಮೊದಲು ಎಳೆಯುವ ವಾಹನವೊಂದೇ. ಎರಡನೆಯದಾಗಿ, ಟ್ರೇಲರ್ ಜೋಡಿಸಿ, ವಾಹನದ ಚಕ್ರಗಳು ಮಾತ್ರ ವೇದಿಕೆಯ ಮೇಲಿರುವಂತೆ. ಮೂರನೆಯದಾಗಿ, ಎರಡೂ ಸೇರಿ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಮೂತಿಭಾರ. ಮೂರನೆಯದರಿಂದ ಮೊದಲನೆಯದನ್ನು ಕಳೆದರೆ ಟ್ರೇಲರಿನ ಒಟ್ಟು ತೂಕ. ಆದರೆ ದೊಡ್ಡ ವೇ ಬ್ರಿಡ್ಜುಗಳು ಸಾಮಾನ್ಯವಾಗಿ 5 ಅಥವಾ 10 ಕಿಲೋಗಳ ಹಂತದಲ್ಲಿ ತೂಕ ತೋರಿಸುವುದರಿಂದ, 50-60 ಕಿಲೋ ಮೂತಿಭಾರಕ್ಕೆ ಈ ವಿಧಾನ ಒರಟಾಗುತ್ತದೆ. ಒಟ್ಟು ತೂಕಕ್ಕೆ ವೇ ಬ್ರಿಡ್ಜ್, ಮೂತಿಭಾರಕ್ಕೆ ಸಣ್ಣ ತಕ್ಕಡಿ ಎಂಬುದು ಒಳ್ಳೆಯ ವ್ಯವಸ್ಥೆ.

ಮನೆಯಲ್ಲಿ ದೇಹದ ತೂಕ ನೋಡುವ ಯಂತ್ರವೇ ಇದಕ್ಕೆ ಸಾಕು. ಸಮತಟ್ಟಾದ ನೆಲದಲ್ಲಿ ಟ್ರೇಲರಿನ ಚಕ್ರಗಳಿಗೆ ಅಡ್ಡ ಕೊಟ್ಟು, ಮೂತಿಯನ್ನು ಎಳೆಯುವಾಗ ಇರುವ ಎತ್ತರದಲ್ಲಿಯೇ ಮರದ ತುಂಡಿನ ಮೂಲಕ ಯಂತ್ರದ ಮೇಲೆ ಇರಿಸಬೇಕು. ಭಾರವು ಯಂತ್ರದ ಮಿತಿಯನ್ನು ಮೀರುವಂತಿದ್ದರೆ, ಗಟ್ಟಿ ಹಲಗೆಯ ಒಂದು ತುದಿಯನ್ನು ಇಟ್ಟಿಗೆಯ ಮೇಲೂ ಇನ್ನೊಂದು ತುದಿಯನ್ನು ಯಂತ್ರದ ಮೇಲೂ ಇರಿಸಿ, ಮೂತಿಯನ್ನು ಇಟ್ಟಿಗೆಯಿಂದ 1 ಅಡಿ, ಯಂತ್ರದಿಂದ 2 ಅಡಿ ದೂರದಲ್ಲಿ ಹಲಗೆಯ ಮೇಲೆ ಕೂರಿಸಬೇಕು. ಯಂತ್ರ ತೋರಿಸುವ ಅಂಕಿಯನ್ನು 3ರಿಂದ ಗುಣಿಸಿದರೆ ಮೂತಿಭಾರ ದೊರೆಯುತ್ತದೆ. ಹಲಗೆಯ ಭಾರ ಲೆಕ್ಕಕ್ಕೆ ಸೇರದಂತೆ ಯಂತ್ರವನ್ನು ಮೊದಲೇ ಸೊನ್ನೆಗೆ ತರಬೇಕು.

ಸರಿಪಡಿಸುವ ಉಪಾಯಗಳು

ದೋಣಿಯ ಮುಂತುದಿಯನ್ನು ತಡೆಯುವ ವಿಂಚಿನ ಕಂಬವನ್ನು 15 ಸೆಂಟಿಮೀಟರ್ ಮುಂದಕ್ಕೆ ಸರಿಸಿದ್ದರೆ ಏನಾಗುತ್ತಿತ್ತು? ದೋಣಿ, ಎಂಜಿನ್ ಮತ್ತು ಸಾಮಾನುಗಳ ಒಟ್ಟು 770 ಕಿಲೋ ಅಷ್ಟು ಮುಂದೆ ಹೋಗಿ 115.5 ಜಮಾ ಸೇರುತ್ತಿತ್ತು. ಶಿಲ್ಕು 285.5, ಮೂತಿಭಾರ ಸುಮಾರು 71 ಕಿಲೋ, ಶೇ. 7. ಒಂದು ಸ್ಪ್ಯಾನರ್ ಮತ್ತು ಅರ್ಧ ಗಂಟೆಯ ಕೆಲಸ ಅದು.

ಆದರೆ ಒಂದು ಎಚ್ಚರಿಕೆ. ದೋಣಿಯ ಹಿಂಗೋಡೆಯು ಟ್ರೇಲರಿನ ಆಧಾರದ ಮರಗಳ ಮೇಲೆಯೇ ಇರಬೇಕು. ಎಂಜಿನ್ನಿನ ಭಾರ ಹೊತ್ತ ಆ ಭಾಗ ಆಧಾರವಿಲ್ಲದೆ ನೇತಾಡಿದರೆ ಒಡಲೇ ಬಾಗಿ ಕೆಡುತ್ತದೆ. ಅದರಂತೆ, ದೋಣಿಯನ್ನು ಸರಿಸಲು ಜಾಗವಿಲ್ಲದಿದ್ದಲ್ಲಿ ಅಚ್ಚನ್ನೇ ಹಿಂದಕ್ಕೆ ಸರಿಸಬೇಕು. ಟ್ರೇಲರ್ ತಯಾರಿಸುವ ನಮ್ಮ ಸದಸ್ಯರು ಅಚ್ಚನ್ನು ಬೆಸುಗೆ ಹಾಕಿ ಖಾಯಂಗೊಳಿಸುವ ಬದಲು ಬೋಲ್ಟುಗಳಿಂದ ಬಿಗಿದರೆ ಗ್ರಾಹಕರಿಗೆ ಮಹದುಪಕಾರವಾದೀತು. ಕೊಂಡಿಯ ಗುಂಡಿನ ಅಳತೆಯಲ್ಲಿಯೂ ಜಾಗ್ರತೆ ಬೇಕು: 50 ಮಿಲಿಮೀಟರ್ ಗುಂಡೂ 2 ಇಂಚಿನ ಗುಂಡೂ ಒಂದೇ ಅಲ್ಲ, 2 ಇಂಚು ಎಂದರೆ 50.8 ಮಿಲಿಮೀಟರ್.

ಹೊರಡುವ ಮುನ್ನ ನೀರಿನ ಬಿರಡೆ ತೆಗೆಯಬೇಕು. ಹಿಂಗೋಡೆಯ ಎರಡೂ ಬದಿ ಪಟ್ಟಿ ಬಿಗಿಯಬೇಕು. ಮುಂತುದಿಗೆ ವಿಂಚಿನ ಪಟ್ಟಿಯ ಜೊತೆಗೆ ಪ್ರತ್ಯೇಕ ಸರಪಳಿ ಇರಬೇಕು. ಕೊಂಡಿಯ ಕೆಳಗೆ ಸುರಕ್ಷಾ ಸರಪಳಿಗಳನ್ನು ಅಡ್ಡಹಾಯಿಸಿ ಕಟ್ಟಬೇಕು. ಚಕ್ರಗಳು ನೀರಿಗಿಳಿಯುವುದರಿಂದ ಬೇರಿಂಗುಗಳ ಗ್ರೀಸನ್ನು ಆಗಾಗ್ಗೆ ಪರೀಕ್ಷಿಸಬೇಕು. ತೂಗಾಟ ಆರಂಭವಾದಲ್ಲಿ ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ವೇಗ ತಾನಾಗಿ ಇಳಿಯಲು ಬಿಡಬೇಕು. ಬಲವಾದ ಬ್ರೇಕೂ ಬೇಡ, ಎಳೆದು ನೇರ ಮಾಡುತ್ತೇನೆಂದು ವೇಗ ಹೆಚ್ಚಿಸುವುದೂ ಬೇಡ.

ಕಾನೂನು ಮತ್ತು ವಿಮೆ

1988ರ ಮೋಟಾರು ವಾಹನ ಕಾಯಿದೆಯ ವ್ಯಾಖ್ಯೆಯಂತೆ ಟ್ರೇಲರೂ ಒಂದು ಮೋಟಾರು ವಾಹನವೇ. ಅದರ ನೋಂದಣಿ ಮತ್ತು ವಿಮೆಯನ್ನು ಎಳೆಯುವ ವಾಹನದ ಕಾಗದಪತ್ರಗಳಲ್ಲಿ ತಾನಾಗಿಯೇ ಅಡಕವಾಗಿದೆ ಎಂದು ತಿಳಿಯಬಾರದು. 2019ರ ತಿದ್ದುಪಡಿಯ ನಂತರ ಕಲಂ 194ರ ಅಡಿಯಲ್ಲಿ ಮಿತಿಮೀರಿದ ತೂಕಕ್ಕೆ ರೂ. 20,000 ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ ರೂ. 2,000 ದಂಡ ನಿಗದಿಯಾಗಿದೆ. ಸರಕು ನಿಯಮ ಮೀರಿ ಹೊರಚಾಚಿದ್ದರೂ ರೂ. 20,000 ದಂಡವುಂಟು. ಕಾನೂನಿನ ಉಲ್ಲಂಘನೆಗಾಗಿ ತೆತ್ತ ದಂಡವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯಾಪಾರದ ವೆಚ್ಚವೆಂದು ತೋರಿಸಲು ಬರುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ನನ್ನ ಕಕ್ಷಿದಾರರ ಪಾಲಿಸಿಯಲ್ಲಿ ಟ್ರೇಲರನ್ನು ಸೇರಿಸಿರಲಿಲ್ಲ. ದೋಣಿಗೆ ಸಾಗಣೆಯ ವಿಮೆಯನ್ನೂ ಮಾಡಿಸಿರಲಿಲ್ಲ. ನಷ್ಟವೆಲ್ಲವೂ ಅವರ ಬಂಡವಾಳದ ಖಾತೆಗೇ ಬಿತ್ತು. ಆ ಪಾಲಿಸಿಯ ಪ್ರತಿ ಪ್ರತಿವರ್ಷವೂ ನನ್ನ ಕಡತದಲ್ಲಿರುತ್ತಿತ್ತು. ಪ್ರೀಮಿಯಂ ಮೊತ್ತ ಸರಿಯಿದೆಯೇ ಎಂದು ನೋಡಿದೆನೇ ಹೊರತು, ಅದು ಏನನ್ನು ರಕ್ಷಿಸುತ್ತದೆ ಎಂದು ಒಮ್ಮೆಯೂ ಕೇಳಲಿಲ್ಲ. ಅಂದಿನಿಂದ, ಸರಕು ಸಾಗಿಸುವ ಪ್ರತಿಯೊಬ್ಬ ಕಕ್ಷಿದಾರರ ಬಳಿಯೂ ಬಳಕೆಯ ಷರತ್ತುಗಳ ಪುಟವನ್ನು ಕೇಳಿ ಪಡೆದು ಓದುತ್ತಿದ್ದೇನೆ.

ಜನರೇಟರ್, ಕಾಂಕ್ರೀಟ್ ಮಿಕ್ಸರ್, ಗಿರಣಿಯ ಯಂತ್ರ, ಯಾವುದನ್ನು ಟ್ರೇಲರಿನಲ್ಲಿ ಎಳೆದೊಯ್ಯುವವರಿಗೂ ಈ ಲೆಕ್ಕ ಅನ್ವಯಿಸುತ್ತದೆ. ಎಂಜಿನ್ ಬದಲಾದಾಗ, ಟ್ಯಾಂಕ್ ತುಂಬಿದಾಗ, ಹೊಸ ಸಾಮಾನು ಸೇರಿದಾಗ ಹಳೆಯ ತೂಕದ ಚೀಟಿಯನ್ನು ನಂಬದೆ ಹೊಸದಾಗಿ ತೂಗಬೇಕು. ನನ್ನ ಕಕ್ಷಿದಾರರ ಶೆಡ್ಡಿನ ಗೋಡೆಗೆ ಈಗ ಒಂದು ನೋಟುಪುಸ್ತಕ ನೇತುಹಾಕಿದೆ. ದಿನಾಂಕ, ದೋಣಿ, ಎಂಜಿನ್, ಒಟ್ಟು ತೂಕ, ಮೂತಿಭಾರ ಎಂಬ ಐದು ಕಾಲಮುಗಳು ಅದರಲ್ಲಿವೆ. ಆ ಸಾಲು ಭರ್ತಿಯಾಗದೆ ಗೇಟು ತೆರೆಯುವುದಿಲ್ಲ. ಸದಸ್ಯ ಬಾಂಧವರು ತಮ್ಮ ತಮ್ಮ ಶೆಡ್ಡುಗಳಲ್ಲಿಯೂ ಇಂಥದೊಂದು ಪುಸ್ತಕವನ್ನು ಆರಂಭಿಸಬೇಕೆಂದು ನನ್ನ ವಿನಂತಿ.