ಗಣಿಯ ನೀರೂ ನೋಡತಕ್ಕ ವಸ್ತು

ಮಾರ್ಗಶಿರದ ಚಳಿ ಮೊದಲಾಗುತ್ತಿದ್ದಂತೆಯೇ ನಮ್ಮ ಶಾಲೆಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಯಾವ ಪಾಠಶಾಲೆಯನ್ನು ವಿಚಾರಿಸಿದರೂ ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಗೊರೂರಿನ ಅಣೆಕಟ್ಟು ಎಂಬ ಹೆಸರುಗಳು ತಪ್ಪದೆ ಬರುವುವು. ಇವು ನೋಡಬೇಕಾದ ಸ್ಥಳಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪ್ರವಾಸವೆಂಬುದು ಶಿಕ್ಷಣದ ಅಂಗವೆಂದು ನಾವು ಮನಃಪೂರ್ವಕವಾಗಿ ನಂಬುವುದಾದರೆ, ಪೂರ್ವಿಕರು ಕಲ್ಲಿನಿಂದ ಏನನ್ನು ಕಡೆದರೆಂಬುದನ್ನು ತೋರಿಸಿದ ಕೈಯಿಂದಲೇ, ಅದೇ ನೆಲದಿಂದ ನಾವು ಏನನ್ನು ಅಗೆದು ತೆಗೆಯುತ್ತಿದ್ದೇವೆ, ಅಗೆದ ಮೇಲೆ ಅಲ್ಲಿ ನಿಲ್ಲುವ ನೀರಿನ ಗತಿ ಏನು ಎಂಬುದನ್ನೂ ಮಕ್ಕಳಿಗೆ ತೋರಿಸಬೇಕಾದುದು ನಮ್ಮ ಕರ್ತವ್ಯವಲ್ಲವೇ?

ಚನ್ನರಾಯಪಟ್ಟಣದಿಂದ ತಿಪಟೂರಿಗೆ ಹೋಗುವ ಮಾರ್ಗದಲ್ಲಿ ನುಗ್ಗೇಹಳ್ಳಿ ಇದೆ. ಹೊಯ್ಸಳ ವೀರಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯವನ್ನೂ, ಅದರ ಭಿತ್ತಿಗಳಲ್ಲಿ ಬೈಚೋಜ ಮಲ್ಲಿತಮ್ಮರು ಬಿಡಿಸಿದ ವಿಗ್ರಹಗಳನ್ನೂ ನೋಡಿದವರು ಅಲ್ಲಿಂದ ಹಿಂದಿರುಗಿಬಿಡುತ್ತಾರೆ. ಭೂವಿಜ್ಞಾನಿಗಳಿಗಾದರೋ ನುಗ್ಗೇಹಳ್ಳಿಯೆಂದರೆ ಮೊದಲು ನೆನಪಿಗೆ ಬರುವುದು ಗುಡಿಯಲ್ಲ. ಆ ಊರಿನ ಹೆಸರನ್ನೇ ಹೊತ್ತು ಸುಮಾರು 60 ಕಿಲೋಮೀಟರು ಉದ್ದಕ್ಕೆ ಚಾಚಿಕೊಂಡಿರುವ, ಅಗಲದಲ್ಲಿ ಮಾತ್ರ ಬಹು ಕಿರಿದಾದ ಶಿಲಾಪಟ್ಟಿ. ದಕ್ಷಿಣದಲ್ಲಿ ಹೊಳೆನರಸೀಪುರದ ಹೆಸರಿನ ಇಂಥದೇ ಇನ್ನೊಂದು ಪಟ್ಟಿಯುಂಟು. ಎರಡೂ 300 ಕೋಟಿ ವರ್ಷಗಳಿಗೂ ಹಿಂದಿನವು, ಭಾರತದ ಅತಿ ಪುರಾತನ ಶಿಲೆಗಳ ಸಾಲಿಗೆ ಸೇರಿದವು. ನುಗ್ಗೇಹಳ್ಳಿಯ ಪಟ್ಟಿಯ ಒಡಲಲ್ಲಿ ಕ್ರೋಮೈಟ್ ಎಂಬ ಕಪ್ಪು, ಭಾರವಾದ ಅದಿರು ಅಡಗಿದೆ. ಭೈರಾಪುರ, ತಗಡೂರು, ಜಂಬೂರುಗಳಲ್ಲಿ ಅದನ್ನು ತೋಡಿದ್ದಾರೆ. ಭೈರಾಪುರದಲ್ಲಂತೂ, 1966ರಲ್ಲಿ ಸ್ಥಾಪಿತವಾದ ಮೈಸೂರು ಮಿನರಲ್ಸ್ ಸಂಸ್ಥೆಯು ನೆಲದಡಿಯ ಗಣಿಯನ್ನೇ ನಡೆಯಿಸಿತು.

ಕ್ರೋಮೈಟಿಗೂ ಹಳ್ಳಿಯ ಹುಡುಗನಿಗೂ ಏನು ಸಂಬಂಧವೆಂದು ಕೇಳುವವರು ಬಿಸಿಯೂಟದ ತಟ್ಟೆಯನ್ನು ನೋಡಬೇಕು. ಸ್ಟೀಲ್ ತಟ್ಟೆಗೆ ತುಕ್ಕು ಹಿಡಿಯದಿರುವುದಕ್ಕೆ ಕಾರಣ, ಅದರ ಉಕ್ಕಿನಲ್ಲಿ ನೂರಕ್ಕೆ ಹತ್ತೂವರೆ ಪಾಲಿಗೆ ಕಡಮೆಯಾಗದಂತೆ ಬೆರೆತಿರುವ ಕ್ರೋಮಿಯಮ್. ಆ ಕ್ರೋಮಿಯಮ್ ದೊರೆಯುವುದು ಕ್ರೋಮೈಟಿನಿಂದ. ಚರ್ಮ ಹದಮಾಡುವುದಕ್ಕೂ, ಬಣ್ಣಗಳಿಗೂ, ಕುಲುಮೆಯ ಒಳಗೋಡೆಯ ಇಟ್ಟಿಗೆಗೂ ಅದು ಬೇಕು.

ಇನ್ನು ನೀರಿನ ವಿಚಾರ. ನೆಲವನ್ನು ಆಳವಾಗಿ ತೋಡಿದಲ್ಲೆಲ್ಲ ಅಂತರ್ಜಲವು ಒಸರಿ ಬರುವುದು ಸಹಜವಾದುದರಿಂದ, ಗಣಿ ನಡೆಯುವಷ್ಟು ಕಾಲವೂ ನೀರನ್ನು ಪಂಪಿನಿಂದ ಹೊರಹಾಕುತ್ತಲೇ ಇರಬೇಕಾಗುತ್ತದೆ. ಅದಿರಿನಲ್ಲಿರುವ ಕ್ರೋಮಿಯಮ್ ತ್ರಿವೇಲೆನ್ಸಿಯ ಸ್ಥಿತಿಯದು. ಅದು ನೀರಿನಲ್ಲಿ ಕರಗುವುದು ಅತ್ಯಲ್ಪ, ಅಪಾಯವೂ ಅಲ್ಪ. ಆದರೆ ಗಾಳಿಗೂ ಮಳೆಗೂ ಮೈಯೊಡ್ಡಿದ ಅದಿರು, ಮಣ್ಣಿನಲ್ಲಿರುವ ಮ್ಯಾಂಗನೀಸಿನ ಆಕ್ಸೈಡುಗಳ ಸಹವಾಸಕ್ಕೆ ಬಂದಾಗ, ಅದರಲ್ಲಿಯ ಕ್ರೋಮಿಯಮ್ಮಿನ ಒಂದಂಶವು ಷಡ್ವೇಲೆನ್ಸಿಯ ಸ್ಥಿತಿಗೆ ಏರುತ್ತದೆ. ಈ ರೂಪವು ನೀರಿನಲ್ಲಿ ಸುಲಭವಾಗಿ ಕರಗುವುದು. ಹೆಚ್ಚಾದಾಗ ನೀರಿಗೆ ಹಳದಿಯ ಛಾಯೆಯನ್ನು ಕೊಡುವುದು. ಅರ್ಬುದರೋಗಕ್ಕೆ ಕಾರಣವಾಗಬಲ್ಲದೆಂದು ವೈದ್ಯವಿಜ್ಞಾನವು ನಿಶ್ಚಯಿಸಿದೆ. ಕುಡಿಯುವ ನೀರಿನಲ್ಲಿ ಕ್ರೋಮಿಯಮ್ ಲೀಟರಿಗೆ 0.05 ಮಿಲಿಗ್ರಾಮನ್ನು ಮೀರಬಾರದೆಂಬುದು ನಮ್ಮ ದೇಶದ ಮಾನಕ. ಎಂದರೆ 20 ಲೀಟರಿನ ಕ್ಯಾನಿನಲ್ಲಿ ಒಂದೇ ಒಂದು ಮಿಲಿಗ್ರಾಮು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನುಗ್ಗೇಹಳ್ಳಿಯ ಗಣಿಗಳ ಸುತ್ತಿನ ಮಣ್ಣನ್ನು ಪರೀಕ್ಷಿಸಿ, ಕ್ರೋಮಿಯಮ್, ನಿಕ್ಕಲ್, ಕೋಬಾಲ್ಟುಗಳು ಅದರಲ್ಲಿ ಅಧಿಕವಾಗಿರುವುದನ್ನು ತೋರಿಸಿಕೊಟ್ಟಿದ್ದಾರೆ. ಭಾರತದ ಕ್ರೋಮೈಟಿನ ಬಹುಪಾಲನ್ನು ಒದಗಿಸುವ ಒಡಿಶಾದ ಸುಕಿಂದಾ ಕಣಿವೆಯು 2007ರಲ್ಲಿ ಜಗತ್ತಿನ ಅತ್ಯಂತ ಮಲಿನವಾದ ಹತ್ತು ಸ್ಥಳಗಳ ಪಟ್ಟಿಗೆ ಸೇರಿದುದು ಈ ಷಡ್ವೇಲೆನ್ಸಿಯ ಕ್ರೋಮಿಯಮ್ಮಿನ ನಿಮಿತ್ತದಿಂದಲೇ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಮಕ್ಕಳಲ್ಲಿ ಭಯ ಹುಟ್ಟೀತೇ ಹೊರತು ವಿವೇಕ ಹುಟ್ಟದು. ಆದುದರಿಂದಲೇ ಶುದ್ಧೀಕರಣದ ಕ್ರಮವನ್ನು ಕಣ್ಣಾರೆ ಕಾಣಿಸಬೇಕು. ಕ್ರೋಮೈಟ್ ಗಣಿಯ ನೀರನ್ನು ಶುದ್ಧಿಮಾಡುವ ಸ್ಥಾವರದಲ್ಲಿ ಮೊದಲು ಕಾಣುವುದು ಬೆರಕೆಯ ತೊಟ್ಟಿ. ತಿಳಿಹಳದಿಯ ನೀರು ಒಳಕ್ಕೆ ಬೀಳುತ್ತಿರುವಾಗ ಅದಕ್ಕೆ ಫೆರಸ್ ಸಲ್ಫೇಟಿನ ದ್ರಾವಣವನ್ನು ಅಳತೆಯಿಂದ ಬಿಡುತ್ತಾರೆ. ಇದು ನಮಗೆ ಅಪರಿಚಿತವಾದುದೇನೂ ಅಲ್ಲ. ಗ್ರಂಧಿಗೆ ಅಂಗಡಿಗಳಲ್ಲಿ ಅನ್ನಭೇದಿಯೆಂದು ಮಾರುತ್ತಿದ್ದ ಹಸಿರು ಹರಳು ಇದೇ, ರಕ್ತಹೀನತೆಗೆ ಕೊಡುವ ಕಬ್ಬಿಣಾಂಶದ ಗುಳಿಗೆಗಳಲ್ಲಿ ಬಳಕೆಯಾಗುವ ಲವಣಗಳಲ್ಲಿಯೂ ಇದೊಂದು. ಅನ್ನಭೇದಿಯಲ್ಲಿಯ ಕಬ್ಬಿಣವು ತನ್ನ ಎಲೆಕ್ಟ್ರಾನುಗಳನ್ನು ಒಪ್ಪಿಸಿ, ಷಡ್ವೇಲೆನ್ಸಿಯ ಕ್ರೋಮಿಯಮ್ಮನ್ನು ಮರಳಿ ತ್ರಿವೇಲೆನ್ಸಿಗೆ ಇಳಿಸುತ್ತದೆ. ಅನಂತರ ಸುಣ್ಣದ ಹಾಲನ್ನು ಸೇರಿಸಿ ನೀರಿನ ಕ್ಷಾರತ್ವವನ್ನು ಹದಕ್ಕೆ ತಂದರೆ, ಹಳದಿಯು ಅಡಗಿ, ಕಂದುಬಣ್ಣದ ಹಿಂಜಿದ ಅರಳೆಯಂಥ ಎಸಳುಗಳು ಮೂಡಿ, ಒಂದನ್ನೊಂದು ಕೂಡಿಕೊಂಡು ತೂಕವೇರಿ, ಮುಂದಿನ ವಿಶಾಲವಾದ ತೊಟ್ಟಿಯಲ್ಲಿ ಮೆಲ್ಲಮೆಲ್ಲನೆ ತಳವನ್ನು ಸೇರುತ್ತವೆ. ಮೇಲಿನ ತಿಳಿಯು ಮರಳಿನ ಸೋಸುಪಾತ್ರೆಯನ್ನು ಹಾಯ್ದು ಹೊರಬರುತ್ತದೆ; ಪ್ರಯೋಗಶಾಲೆಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ ಮಾತ್ರ ಅದಕ್ಕೆ ಹಳ್ಳವನ್ನು ಸೇರುವ ಅಧಿಕಾರ. ತಳದ ಗಸಿಯನ್ನು ಹಿಂಡಿ ಒಣಗಿಸಿ, ನೀರು ಇಳಿಯದ ಹಾಸನ್ನು ಹಾಕಿದ ಗುಂಡಿಯಲ್ಲಿ ಜೋಪಾನವಾಗಿ ಇಡಬೇಕು. ಪ್ರವಾಸಿಗಳು ತಪ್ಪದೆ ಕೇಳಬೇಕಾದುದು ಈ ಗಸಿಯ ಪ್ರಶ್ನೆಯನ್ನು. ಏಕೆಂದರೆ ವಿಷವು ನಾಶವಾಗಿಲ್ಲ, ಕಾವಲಿಗೆ ಒಳಪಟ್ಟಿದೆಯಷ್ಟೆ.

ಗಣಿ ಮುಚ್ಚಿದೊಡನೆ ಈ ಕೆಲಸ ಮುಗಿಯುವುದೆಂದು ಭಾವಿಸುವುದು ಭ್ರಮೆ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ವ್ಹೀಲ್ ಜೇನ್ ಎಂಬ ತವರದ ಗಣಿಯನ್ನು ಮುಚ್ಚಿ ಪಂಪುಗಳನ್ನು ನಿಲ್ಲಿಸಿದ ಮೇಲೆ, 1992ರ ಜನವರಿಯಲ್ಲಿ ಒಳಗೆ ತುಂಬಿದ್ದ ಆಮ್ಲಜಲವು ಒಡೆದುಕೊಂಡು ಬಂದು ನದಿಯನ್ನೂ ಅಳಿವೆಯನ್ನೂ ಕಿತ್ತಳೆಯ ಬಣ್ಣಕ್ಕೆ ತಿರುಗಿಸಿತು. ಜರ್ಮನಿಯ ಪೂರ್ವಭಾಗದಲ್ಲಿ ವಿಸ್ಮುಟ್ ಸಂಸ್ಥೆಯ ಯುರೇನಿಯಮ್ ಗಣಿಗಾರಿಕೆ 1990ರಲ್ಲಿ ಕೊನೆಗೊಂಡಿತು. ಗಣಿಯ ನೀರನ್ನು ಶುದ್ಧಿಗೊಳಿಸುವ ಕಾರ್ಯವಾದರೋ ಇಂದಿಗೂ ನಡೆದಿದೆ. ಅಲ್ಲಿಗೆ ಸಂದರ್ಶಕರ ತಂಡಗಳನ್ನು ಕರೆದೊಯ್ದು ಎಲ್ಲವನ್ನೂ ವಿವರಿಸುವ ಪದ್ಧತಿ ಇರುವುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ತಾನು ಕೆಡಿಸಿದ ನೆಲವನ್ನು ತಾನೇ ಸರಿಪಡಿಸುತ್ತಿರುವುದನ್ನು ಮರೆಮಾಚದೆ ತೋರಿಸುವ ಸಂಸ್ಥೆಯಲ್ಲಿ ಜನರಿಗೆ ವಿಶ್ವಾಸ ಹುಟ್ಟುತ್ತದೆ.

ನಮ್ಮಲ್ಲಿ ಇಂಥ ಪ್ರವಾಸವನ್ನು ಏರ್ಪಡಿಸುವವರು ಕಾನೂನನ್ನು ಗಮನದಲ್ಲಿಡಬೇಕು. ಗಣಿಯ ಕೆಲಸ ನಡೆಯುತ್ತಿರುವ ಆವರಣದಲ್ಲಿ, ಅದು ನೆಲದ ಮೇಲಿನ ಭಾಗವೇ ಆಗಿದ್ದರೂ, 18 ವರ್ಷ ತುಂಬದವರು ಇರಕೂಡದೆಂದು 1952ರ ಗಣಿ ಅಧಿನಿಯಮವು ವಿಧಿಸಿತ್ತು. ಈ ನಿಯಮ ಅತ್ಯಂತ ನ್ಯಾಯವಾದುದು. ಆದುದರಿಂದ ಗಣಿಯ ಆವರಣದ ಸಂದರ್ಶನವನ್ನು, 1960ರಲ್ಲಿ ಹಾಸನದಲ್ಲಿ ಆರಂಭವಾದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನಂಥ ಸಂಸ್ಥೆಗಳ ವಯಸ್ಕ ವಿದ್ಯಾರ್ಥಿಗಳಿಗೆ, ಗಣಿಯ ಅಧಿಕಾರಿಗಳ ಅನುಮತಿ ಪಡೆದು, ಹೆಲ್ಮೆಟ್ಟು ಬೂಟುಗಳ ವ್ಯವಸ್ಥೆಯೊಡನೆ ಏರ್ಪಡಿಸಬಹುದು.

ಕಿರಿಯರಿಗೆ ಬೇರೆ ದಾರಿಯಿದೆ. ಹಾಸನ ನಗರಕ್ಕೆ ಹೇಮಾವತಿಯ ನೀರನ್ನು ಶುದ್ಧಿಮಾಡಿ ಕೊಡುವ ಸ್ಥಾವರದಲ್ಲಿ ನಡೆಯುವುದೂ ತತ್ತ್ವತಃ ಇದೇ ಕ್ರಿಯೆ: ಬೆರಸುವುದು, ಎಸಳು ಕಟ್ಟಿಸುವುದು, ತಂಗಿಸುವುದು, ಸೋಸುವುದು. ಅಲ್ಲಿಗೆ ಹೊರಡುವ ಮುನ್ನ ತರಗತಿಯಲ್ಲಿಯೇ, ಮಳೆಗಾಲದ ಕೆಂಪುನೀರನ್ನು ಎರಡು ಗಾಜಿನ ಲೋಟಗಳಲ್ಲಿ ತುಂಬಿ, ಒಂದಕ್ಕೆ ಚಿಟಿಕೆ ಪಟಿಕದ ಪುಡಿ ಹಾಕಿ ಕಲಕಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಅರ್ಧ ಗಂಟೆ ಕಾಯಲಿ. ನಮ್ಮ ಹಿರಿಯರು ಮಡಕೆಯ ಒಳಮೈಗೆ ಚಿಲ್ಲದ ಬೀಜವನ್ನು ತೇದು ಬಗ್ಗಡದ ನೀರನ್ನು ತಿಳಿಗೊಳಿಸುತ್ತಿದ್ದುದನ್ನು ಅಜ್ಜಿಯರಿಂದ ಕೇಳಿ ತಿಳಿಯಲಿ. ಕ್ರೋಮಿಯಮ್ಮಿನ ಲವಣಗಳನ್ನು ಮಾತ್ರ ಮಕ್ಕಳ ಕೈಗೆ ಕೊಡಕೂಡದು.

ಈ ವರ್ಷದ ಪ್ರವಾಸದ ಪಟ್ಟಿಯನ್ನು ಬರೆಯಲು ಕುಳಿತಿರುವ ಮುಖ್ಯೋಪಾಧ್ಯಾಯರಲ್ಲಿ ನನ್ನ ಪ್ರಾರ್ಥನೆ ಇಷ್ಟೆ. ಬೇಲೂರು ಹಳೇಬೀಡುಗಳ ಜೊತೆಗೆ ಒಂದು ಮುಂಜಾನೆಯನ್ನು ನೀರಿನ ಸ್ಥಾವರಕ್ಕೂ, ಒಂದು ಮಧ್ಯಾಹ್ನವನ್ನು ನುಗ್ಗೇಹಳ್ಳಿಗೂ ಮೀಸಲಿಡಿ; ಅಲ್ಲಿ ಗುಡಿಯನ್ನು ನೋಡಿದ ಮೇಲೆ ಆ ನೆಲದ ಅದಿರಿನ ಕಥೆಯನ್ನೂ ಹೇಳಿ. ನೀರು ಸರಬರಾಜಿನ ಕಛೇರಿಗೆ ಅನುಮತಿಯ ಪತ್ರವನ್ನು ಈಗಲೇ ಬರೆಯಿರಿ.