18 ಸಾವಿರದ ರಹಸ್ಯ

ನಾನೊಂದು ಕೊಲೆ ಮಾಡಬೇಕೆಂದು ಹೊರಟಿದ್ದೆ. ಗಾಬರಿಯಾಗಬೇಡಿ, ಕಾಗದದ ಮೇಲೆ. ಸಾಯಬೇಕಾದವರು ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರ ದಿವಾನಜಿ. ಸ್ಥಳ: ಕೋಲ್ಡ್ ಸ್ಟೋರೇಜಿನ ಮೇಲಿನ ಮಹಡಿ, ಚೀಲಗಳ ಸಾಲಿನ ಹಿಂದೆ. ಸಮಯ: ಸೋಮವಾರದ ಮಾರುಕಟ್ಟೆ ಮುಗಿದು ಹಮಾಲರೆಲ್ಲ ಚಹಾಕ್ಕೆ ಹೋದ ಹೊತ್ತು. ಎಲ್ಲ ಸಿದ್ಧವಿತ್ತು. ಕೊಲೆಗಾರ ಯಾರು ಎಂಬುದು ಮಾತ್ರ 40 ಪುಟ ಬರೆದರೂ ನನಗೇ ಗೊತ್ತಾಗಿರಲಿಲ್ಲ.

ರಾಣೆಬೆನ್ನೂರಿನಲ್ಲಿ ಬಿ.ಕಾಂ. ಮುಗಿಸಿ, ಎಫ್‌ಡಿಎ ಪರೀಕ್ಷೆಯಲ್ಲಿ ಎರಡು ಸಲ ಮುಗ್ಗರಿಸಿ ಮನೆಯಲ್ಲಿ ಕುಳಿತಿದ್ದವನು ನಾನು. ‘ಸೀಸನ್ ಮುಗಿಯೂತನಕ ಕಂಪ್ಯೂಟರ್ ಮುಂದ ಕುಂದರ್ತಿಯೇನು?’ ಎಂದು ಅಪ್ಪನ ಗೆಳೆಯರೊಬ್ಬರು ಕೇಳಿದರು. ಹೀಗೆ 2025ರ ಜನವರಿಯಲ್ಲಿ ನನ್ನ ಮೊದಲ ನೌಕರಿ ಶುರುವಾಯಿತು. ದಿನಾ ಬೆಳಿಗ್ಗೆ ರಾಣೆಬೆನ್ನೂರಿನ ಬಸ್ಸು, ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ತಿರುಗುವಾಗ ಕಿಟಕಿಯಿಂದ ಬರುವ ಮೊದಲ ಘಾಟು, ಆಮೇಲೆ ಸಂಜೆಯವರೆಗೆ ಸೀನು.

ಬ್ಯಾಡಗಿ ನೋಡದವರಿಗೆ ಒಂದು ಮಾತು. ಸೋಮವಾರ ಮತ್ತು ಗುರುವಾರ ಇಲ್ಲಿ ದೊಡ್ಡ ಮಾರುಕಟ್ಟೆ. ಸೀಸನ್ನಿನ ದಿನ ಲಕ್ಷಕ್ಕೂ ಹೆಚ್ಚು ಚೀಲ ಬಂದು ಬೀಳುತ್ತವೆ. ಬಳ್ಳಾರಿ, ರಾಯಚೂರು, ಕೊಪ್ಪಳ, ಗದಗ, ಅತ್ತ ಆಂಧ್ರದ ಕರ್ನೂಲು, ಆದೋನಿಯಿಂದಲೂ ರೈತರು ಬರುತ್ತಾರೆ. ಕಡ್ಡಿ, ಡಬ್ಬಿ ಎಂದು ತಳಿ ನೋಡಿ, ಬಣ್ಣ ನೋಡಿ ದರ ಕಟ್ಟುತ್ತಾರೆ. ಖಾರ ಕಡಿಮೆ, ಕೆಂಪು ಜಾಸ್ತಿ, ಅದೇ ಬ್ಯಾಡಗಿಯ ಹೆಸರು. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಇದರಿಂದ ತೆಗೆದ ಬಣ್ಣ ಅಡುಗೆಗೂ ಹೋಗುತ್ತದೆ, ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ಅದೇ ಅಂಗಳದಲ್ಲಿ 2024ರ ಮಾರ್ಚ್ 11ರಂದು ದರ ಕುಸಿದ ಸಿಟ್ಟಿನಲ್ಲಿ ವಾಹನಗಳು ಉರಿದದ್ದನ್ನು ನೀವು ಟಿ.ವಿ.ಯಲ್ಲಿ ನೋಡಿರುತ್ತೀರಿ. ನಾನು ಸೇರುವ ಹೊತ್ತಿಗೆ ಬೂದಿ ಆರಿತ್ತು, ಅನುಮಾನ ಆರಿರಲಿಲ್ಲ. ರೈತ ತಕ್ಕಡಿಯನ್ನು ನಂಬುವುದಿಲ್ಲ, ದಲಾಲಿ ಚೀಲದ ತಳವನ್ನು ನಂಬುವುದಿಲ್ಲ, ಮಾಲೀಕರು ಸಂಜೆಯ ಲೆಕ್ಕ ಹತ್ತುವವರೆಗೆ ಯಾರನ್ನೂ ನಂಬುವುದಿಲ್ಲ. ಪತ್ತೇದಾರಿ ಕಾದಂಬರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ?

ಪತ್ತೇದಾರಿಯ ಹುಚ್ಚು ನನಗೆ ಅಜ್ಜನಿಂದ ಬಂದದ್ದು. ಅವರ ಟ್ರಂಕಿನಲ್ಲಿ ಎನ್. ನರಸಿಂಹಯ್ಯನವರ ಪುಸ್ತಕಗಳಿದ್ದವು, ರಟ್ಟು ಹರಿದು, ಕೊನೆಯ ಪುಟ ಕಾಣೆಯಾಗಿ. 500ಕ್ಕೂ ಹೆಚ್ಚು ಕಾದಂಬರಿ ಬರೆದ ಮನುಷ್ಯ. ಪತ್ತೇದಾರ ಪುರುಷೋತ್ತಮನನ್ನು ಮನೆಮಾತು ಮಾಡಿದ ಅವರು ಶಾಲೆ ಕಲಿತದ್ದು ತೀರ ಕಡಿಮೆ ಎಂದು ಅಜ್ಜ ಅಭಿಮಾನದಿಂದ ಹೇಳುತ್ತಿದ್ದರು. ಕೊನೆಯ ಪುಟ ಇಲ್ಲದ ಪುಸ್ತಕಗಳಿಗೆ ಕೊಲೆಗಾರನನ್ನು ನಾನೇ ಹುಡುಕಿಕೊಳ್ಳಬೇಕಿತ್ತು. ಯಾರ ಮುಖ ನನಗೆ ಹಿಡಿಸುವುದಿಲ್ಲವೋ ಅವನೇ ಕೊಲೆಗಾರ ಎಂದು ತೀರ್ಮಾನಿಸುತ್ತಿದ್ದೆ. ಈ ಚಟ ಮುಂದೆ ಎಷ್ಟು ದುಬಾರಿಯಾಗುತ್ತದೆಂದು ಆಗ ಗೊತ್ತಿರಲಿಲ್ಲ.

ಅಂಗಡಿಯಲ್ಲಿ ನಗದು ಕೌಂಟರಿನಲ್ಲಿ ಒಬ್ಬಳಿದ್ದಳು. ಹೆಸರು ಬೇಡ. ಹಾವೇರಿಯವಳು, ನನಗಿಂತ ಎರಡು ತಿಂಗಳು ಮೊದಲು ಸೇರಿದ್ದಳು. ರೈತರಿಗೆ ಬಹುಪಾಲು ಹಣ ಬ್ಯಾಂಕ್ ಖಾತೆಗೆ ಹೋಗುತ್ತದೆ. ಕೆಲವರು ಊರಿಗೆ ಹೋಗುವಾಗ ಕೈಗೆ ಒಂದಿಷ್ಟು ಬೇಕೆನ್ನುತ್ತಾರೆ. ಅವಳು ಎಣಿಸಿ ಕೊಟ್ಟು, ಚೀಟಿಗೆ ಸಹಿ ಮಾಡಿಸಿ ನನ್ನತ್ತ ತಳ್ಳುವಳು, ನಾನು ಕಂಪ್ಯೂಟರಿಗೆ ಏರಿಸುವೆ. ನಮ್ಮ ನಡುವೆ ದಿನಕ್ಕೆ ಇನ್ನೂರು ಚೀಟಿ ಓಡಾಡುತ್ತಿದ್ದವು, ಮಾತು ಹತ್ತೂ ಇರಲಿಲ್ಲ.

ಮಾತು ಶುರುವಾದದ್ದು ಪುಸ್ತಕದಿಂದ. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಡೆದಾಗ ಮಳಿಗೆಯಲ್ಲಿ ತೇಜಸ್ವಿಯವರ ‘ಚಿದಂಬರ ರಹಸ್ಯ’ ಕೊಂಡಿದ್ದೆ. ಎರಡು ವರ್ಷ ಓದದೇ ಇಟ್ಟಿದ್ದ ಅದನ್ನು ಬಸ್ಸಿನಲ್ಲಿ ಓದಲು ತಂದರೆ, ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಅವಳು ಕೈಚಾಚಿದಳು. ‘ನೀವು ಬಸ್ಸಿನ್ಯಾಗ ಓದ್ರಿ, ನಾ ಇಲ್ಲೆ ಓದ್ತೀನಿ.’ ಅಂದಿನಿಂದ ಒಂದೇ ಪುಸ್ತಕಕ್ಕೆ ಎರಡು ಗುರುತು. ನನ್ನದು ಬಸ್ ಟಿಕೆಟ್, ಅವಳದು ರದ್ದಾದ ಲಾಟ್ ಚೀಟಿ. ಅವಳ ಚೀಟಿ ನನ್ನ ಟಿಕೆಟ್ಟನ್ನು ನಾಲ್ಕೇ ದಿನದಲ್ಲಿ ಹಿಂದೆ ಹಾಕಿತು. ಬೆಳಿಗ್ಗೆ ಪುಸ್ತಕ ತೆರೆದರೆ ನಾನು ಮೊದಲು ನೋಡುತ್ತಿದ್ದದ್ದು ಕಥೆಯನ್ನಲ್ಲ, ಆ ಚೀಟಿ ಎಲ್ಲಿಗೆ ಬಂದಿದೆ ಎಂಬುದನ್ನು.

1985ರಲ್ಲಿ ಬಂದ, 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕಾದಂಬರಿಯನ್ನು ನಾನು ಅಜ್ಜನ ಟ್ರಂಕಿನ ಕಣ್ಣಿನಿಂದಲೇ ಓದಲು ಕುಳಿತಿದ್ದೆ. ಕೆಸರೂರು ಎಂಬ ಮಲೆನಾಡಿನ ಊರು. ಏಲಕ್ಕಿ ಬೆಳೆ ನೆಲ ಕಚ್ಚುತ್ತಿದೆ. ಏಲಕ್ಕಿಯ ಮೇಲೆ ಸಂಶೋಧನೆ ಮಾಡುತ್ತಿದ್ದ ವಿಜ್ಞಾನಿ ಜೋಗಿಹಾಳ್ ಸತ್ತಿದ್ದಾರೆ. ಅದು ಸಹಜ ಸಾವೋ, ಕೊಲೆಯೋ ಎಂದು ತಿಳಿಯಲು ಗುಪ್ತಚರ ಇಲಾಖೆಯ ಅಂಗಡಿ ಎಂಬ ಅಧಿಕಾರಿ ಬರುತ್ತಾರೆ. ಈ ನಡುವೆ ರಫಿ ಮತ್ತು ಜಯಂತಿಯ ಪ್ರೀತಿ, ಅದರ ಸುತ್ತ ಉಸಿರುಗಟ್ಟುವ ಊರು. ಕೆಲಸದ ಜಾಗದಲ್ಲೊಂದು ಸಾವು, ಒಬ್ಬ ಪತ್ತೇದಾರ, ಒಂದು ಪ್ರೀತಿ. ನನಗೆ ಬೇಕಾದ ಮಸಾಲೆ ಎಲ್ಲವೂ ಇತ್ತು. ಆದರೆ ಓದುತ್ತಾ ಹೋದಂತೆ ಕೊಲೆಗಾರನನ್ನು ಹುಡುಕುವುದು ಹಿಂದೆ ಸರಿದು ಬೇರೇನೋ ಮುಂದೆ ಬಂತು. ಆ ಊರಿನಲ್ಲಿ ಪ್ರತಿಯೊಬ್ಬರಿಗೂ ಕಾರಣ ಗೊತ್ತು. ಒಬ್ಬೊಬ್ಬರ ಕಾರಣವೂ ಅವರವರ ಭಯ, ದ್ವೇಷ, ಲಾಭಕ್ಕೆ ತಕ್ಕಂತೆ ಇದೆ. ನಿಜವನ್ನು ಹುಡುಕುವ ಪುರಸೊತ್ತು ಯಾರಿಗೂ ಇಲ್ಲ. ಕೊನೆ ಏನಾಗುತ್ತದೆಂದು ಹೇಳುವುದಿಲ್ಲ, ಓದಿಕೊಳ್ಳಿ.

‘ಏಲಕ್ಕಿ ಕಥಿ ನಮ್ಮೂರಿಂದೂ ಐತಿ’ ಎಂದಳು ಅವಳು ಒಂದು ದಿನ. ಹಾವೇರಿಯಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಆದರೂ ಅದು ಏಲಕ್ಕಿ ಕಂಪಿನ ಊರು. ಹಿಂದೆ ಮಲೆನಾಡಿನ ಏಲಕ್ಕಿ ಇಲ್ಲಿಗೆ ಬರುತ್ತಿತ್ತಂತೆ. ಇಲ್ಲಿನ ಬಾವಿಗಳ ನೀರಿನಲ್ಲಿ ತೊಳೆದರೆ ಕಾಯಿಗೆ ಬಿಳುಪು ಬರುತ್ತಿತ್ತು. ಆ ವ್ಯಾಪಾರ ಹೋಯಿತು, ಏಲಕ್ಕಿ ಹಾರ ಕಟ್ಟುವ ಕಸುಬು ಉಳಿಯಿತು. ಗಣ್ಯರ ಕೊರಳಿಗೆ ಬೀಳುವ ಹಾವೇರಿಯ ಹಾರ ಅದೇ. ನನ್ನ ಕಾದಂಬರಿಯ ನಾಯಕಿಗೆ ಅಂದು ರಾತ್ರಿಯೇ ಏಲಕ್ಕಿ ಪರಿಮಳ ಸೇರಿಸಿದೆ. ನಾಯಕಿ ಯಾರೆಂದು ನಿಮಗೆ ಗೊತ್ತಾಗಿರಬೇಕು. ಅವಳಿಗೆ ಮಾತ್ರ ಗೊತ್ತಿರಲಿಲ್ಲ. ನಾನೊಂದು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ ಎಂದಷ್ಟೇ ಹೇಳಿದ್ದೆ.

ಒಂದು ವಿಷಯ ನನ್ನನ್ನು ಚುಚ್ಚುತ್ತಿತ್ತು. ಆಗಾಗ ಅವಳಿಗೆ ಫೋನ್ ಬರುತ್ತಿತ್ತು. ಎದ್ದು ಹಿಂದಿನ ಗೋದಾಮಿಗೆ ಹೋಗಿ ಮೆಲ್ಲಗೆ ಮಾತಾಡಿ ಬರುತ್ತಿದ್ದಳು. ಯಾರೆಂದು ಕೇಳಲು ನಾನ್ಯಾರು? ಕೇಳದೇ ಇದ್ದದ್ದರಿಂದ ಉತ್ತರವನ್ನೂ ನಾನೇ ಕಲ್ಪಿಸಿಕೊಂಡಿದ್ದೆ.

ಫೆಬ್ರುವರಿಯ ಒಂದು ಗುರುವಾರ ಸಂಜೆ ಲೆಕ್ಕ ಹತ್ತಲಿಲ್ಲ. ಕಂಪ್ಯೂಟರಿನ ಪ್ರಕಾರ ಪೆಟ್ಟಿಗೆಯಲ್ಲಿರಬೇಕಾದ ನಗದಿಗಿಂತ 18,000 ರೂಪಾಯಿ ಕಡಿಮೆ. ಮೂರು ಸಲ ಎಣಿಸಿದರು. ಡ್ರಾಯರ್ ಕಿತ್ತು ನೋಡಿದರು. ‘ಚೀಟಿ ನೋಡ್ರಿ, ಒಂದೊಂದ ಚೀಟಿ ತಗದು ನೋಡ್ರಿ’ ಎಂದಳು ಅವಳು. ‘ರವಿವಾರ ನೋಡೋಣಂತ’ ಎಂದರು ದಿವಾನಜಿ. ಕಂಪ್ಯೂಟರಿನ ಲೆಕ್ಕ ತಪ್ಪಾಗಿರಬಹುದೆಂದು ಯಾರಿಗೂ ಹೊಳೆಯಲಿಲ್ಲ, ಕಂಪ್ಯೂಟರಿನ ಮುಂದೆ ಕುಳಿತ ನನಗೂ. ಮಾಲೀಕರು ಬೈಯಲಿಲ್ಲ. ಮರುದಿನ ಬೆಳಿಗ್ಗೆ ನಗದು ಪೆಟ್ಟಿಗೆಯ ಕೀಲಿಯನ್ನು ಅವಳ ಕೈಗೆ ಕೊಡದೇ ದಿವಾನಜಿಗೆ ಕೊಟ್ಟರು, ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಹಮಾಲರವರೆಗೂ ಸುದ್ದಿ ತಲುಪಿತ್ತು. ‘ಫೋನ್ ಭಾಳ ಬರ್ತಿದ್ವು ನೋಡ್ರಿ’ ಎಂದು ಯಾರೋ ಅಂದರು. ನಾನು ಅಲ್ಲೇ ಇದ್ದೆ. ಇಲ್ಲವೆನ್ನಲಿಲ್ಲ. ನನ್ನ ಹೊಟ್ಟೆಕಿಚ್ಚಿಗೆ ಆ ಮಾತು ಒಂದು ಪುರಾವೆಯಂತೆ ಕೇಳಿಸಿತು.

ಅವಳ ಕಣ್ಣು ಕೆಂಪಾಗಿದ್ದವು. ಬ್ಯಾಡಗಿಯಲ್ಲಿ ಕೆಂಪು ಕಣ್ಣಿಗೆ ಯಾರೂ ಕಾರಣ ಕೇಳುವುದಿಲ್ಲ. ಶನಿವಾರ ಅವಳು ಬರಲಿಲ್ಲ.

ಆ ರಾತ್ರಿ ನಾಚಿಕೆಗೇಡಿನ ಕೆಲಸವೊಂದನ್ನು ಮಾಡಿದೆ. ನೋಟ್‌ಬುಕ್ ತೆರೆದು ನನ್ನ ಕಾದಂಬರಿಯ ಕೊಲೆಗಾರ್ತಿ ಅವಳೇ ಎಂದು ಬರೆದೆ. ಕಥೆ ಚೆನ್ನಾಗಿ ಕೂಡಿತು. ಗೋದಾಮಿನ ಫೋನು, ಕೀಲಿ, ಎಲ್ಲಕ್ಕೂ ಅರ್ಥ ಬಂತು. 40 ಪುಟದವರೆಗೆ ಸಿಗದ ಕೊಲೆಗಾರ ಅರ್ಧ ಗಂಟೆಯಲ್ಲಿ ಸಿಕ್ಕಿಬಿಟ್ಟಿದ್ದ. ಬರೆದು ಮಲಗಿದವನಿಗೆ ನಿದ್ದೆ ಬರದೆ ‘ಚಿದಂಬರ ರಹಸ್ಯ’ ತೆಗೆದುಕೊಂಡೆ. ಅದರ ಮಂದಿಯೆಲ್ಲ ನನ್ನ ಹಾಗೇ ಮಾಡುತ್ತಿದ್ದರು. ಎಲ್ಲರ ಕಥೆಯೂ ಚೆನ್ನಾಗಿ ಕೂಡುತ್ತಿತ್ತು. ಅವಳ ಲಾಟ್ ಚೀಟಿ ನಿಂತ ಪುಟಕ್ಕೆ ಬಂದಾಗ ಅವಳು ಹೇಳಿದ ಮಾತು ಕಿವಿಯಲ್ಲಿ ಬಂತು: ಚೀಟಿ ನೋಡ್ರಿ.

ಬಿ.ಕಾಂ.ನಲ್ಲಿ ನಮ್ಮ ಮೇಷ್ಟ್ರು ಕಲಿಸಿದ್ದ ಸೂತ್ರ ಆಗ ನೆನಪಾಯಿತು. ವಾಣಿಜ್ಯ ವಿದ್ಯಾರ್ಥಿಗಳೇ, ಇದನ್ನು ಬರೆದಿಟ್ಟುಕೊಳ್ಳಿ. ಲೆಕ್ಕದ ವ್ಯತ್ಯಾಸ 9ರಿಂದ ಶೇಷವಿಲ್ಲದೆ ಭಾಗವಾದರೆ, ಎರಡು ಅಂಕಿ ಅದಲುಬದಲಾಗಿರಬಹುದು. ಪ್ರತಿ ಸಲವೂ ಅದೇ ಕಾರಣವೆಂದಲ್ಲ, ಆದರೆ ಮೊದಲು ನೋಡಬೇಕಾದದ್ದು ಅದನ್ನೇ. 18,000 ಭಾಗಿಸು 9, ಬಂದದ್ದು 2,000. ಅಂದರೆ ಹತ್ತು ಸಾವಿರದ ಅಂಕಿ ಮತ್ತು ಸಾವಿರದ ಅಂಕಿ ತಮ್ಮ ಜಾಗ ಬದಲಿಸಿವೆ, ಅವೆರಡರ ನಡುವಿನ ಅಂತರ 2. ಪೆಟ್ಟಿಗೆಯಲ್ಲಿ ಹಣ ಕಡಿಮೆ ಇದೆಯೆಂದರೆ ಕೊಟ್ಟದ್ದು ಹೆಚ್ಚು, ಬರೆದದ್ದು ಕಡಿಮೆ. ಹಾಗಾದರೆ ಇನ್ನೂರು ಚೀಟಿಯನ್ನೂ ನೋಡಬೇಕಿಲ್ಲ. 13, 24, 35, 46, 57, 68, 79 ಹೀಗೆ ಶುರುವಾಗುವ ಐದಂಕಿಯ ಮೊತ್ತಗಳನ್ನಷ್ಟೇ ನೋಡಿದರೆ ಸಾಕು.

ಭಾನುವಾರ ಬೆಳಿಗ್ಗೆ ಯಾರೂ ಬರುವ ಮೊದಲೇ ಹೋಗಿ ಕುಳಿತೆ. 20 ನಿಮಿಷವೂ ಬೇಕಾಗಲಿಲ್ಲ. ಕಂಪ್ಯೂಟರಿನಲ್ಲಿ 46,500. ಚೀಟಿಯಲ್ಲಿ ಅವಳ ದುಂಡು ಅಕ್ಷರದಲ್ಲಿ 64,500, ಪಕ್ಕದಲ್ಲಿ ರೈತರ ಸಹಿ. ಬೆರಳು ತಪ್ಪಿದ್ದು ನನ್ನದು. ಪತ್ತೇದಾರನೂ ನಾನೇ, ಅಪರಾಧಿಯೂ ನಾನೇ.

ಇಲ್ಲಿ ನಾನು ಎದ್ದು ಹೇಳಿದೆ ಎಂದು ಬರೆದರೆ ನಿಮಗೂ ಖುಷಿ, ನನಗೂ ಗೌರವ. ಆದರೆ ಆ ದಿನ ನಾನು ಹೇಳಲಿಲ್ಲ. ದಿವಾನಜಿ ಬಂದಾಗ ಚೀಟಿಯ ಕಟ್ಟನ್ನು ಮೊದಲಿನಂತೆ ಕಟ್ಟಿಟ್ಟೆ. ನೌಕರಿ ಹೋಗುತ್ತದೆ, ಅಪ್ಪನ ಗೆಳೆಯರ ಮುಖ ಹೋಗುತ್ತದೆ ಎಂದು ಲೆಕ್ಕ ಹಾಕಿದೆ. ಅವರೂ ಆ ರವಿವಾರ ಚೀಟಿ ನೋಡಲಿಲ್ಲ. ಸೋಮವಾರದ ಮಾರುಕಟ್ಟೆ ಮುಗಿದು, ಹಮಾಲರೆಲ್ಲ ಚಹಾಕ್ಕೆ ಹೋದ ಹೊತ್ತಿನಲ್ಲಿ, ಅಂದರೆ ನನ್ನ ಕಾದಂಬರಿಯಲ್ಲಿ ಕೊಲೆ ನಡೆಯುವ ಅದೇ ಹೊತ್ತಿನಲ್ಲಿ, ಮಾಲೀಕರ ಮುಂದೆ ಚೀಟಿ ಇಟ್ಟೆ. ಅವರು ಕನ್ನಡಕ ಏರಿಸಿ ನೋಡಿ, ‘ಆತು ಬಿಡು, ಲೆಕ್ಕ ಹತ್ತಿತಲ್ಲ’ ಎಂದರು. ನನ್ನ ನೌಕರಿಯೂ ಹೋಗಲಿಲ್ಲ. ಅವಳಿಗೆ ಫೋನ್ ಮಾಡಿ ಹೇಳಬೇಕೆಂದು ಯಾರಿಗೂ ಅನಿಸಲಿಲ್ಲ. ಅವರ ಪಾಲಿಗೆ ಕಳೆದದ್ದು 18,000, ಅದು ಸಿಕ್ಕಿತ್ತು.

ನಾನೇ ಫೋನ್ ಮಾಡಿದೆ. ಎಲ್ಲ ಹೇಳಿದೆ, ಒಂದು ದಿನ ಮುಚ್ಚಿಟ್ಟದ್ದನ್ನೂ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಚೀಟಿ ನೋಡ್ರಿ ಅಂದಿದ್ನಲ್ರಿ’ ಎಂದಳು. ಮತ್ತೆ ಅಂಗಡಿಗೆ ಬರಲಿಲ್ಲ. ಆ ಫೋನುಗಳು ಹಾವೇರಿಯ ಕೋಚಿಂಗ್ ತರಗತಿಯದ್ದಂತೆ. ಫೀಸಿನ ಕಂತು ಬಾಕಿ ಇತ್ತಂತೆ. ನಾನು ಎಷ್ಟೆಲ್ಲ ಬರೆದಿದ್ದೆ!

ಡೊರೊತಿ ಸೇಯರ್ಸ್ ಎಂಬ ಇಂಗ್ಲಿಷ್ ಲೇಖಕಿ ಲಂಡನ್ನಿನ ಜಾಹೀರಾತು ಕಂಪನಿಯೊಂದರಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, 1933ರಲ್ಲಿ ಅಂಥದೇ ಕಚೇರಿಯ ಕಬ್ಬಿಣದ ಮೆಟ್ಟಿಲ ಮೇಲೆ ಒಂದು ಕೊಲೆ ಮಾಡಿಸಿದರು, ಕಾಗದದ ಮೇಲೆ. ಕಚೇರಿಯ ಪತ್ತೇದಾರಿ ಕಥೆಗಳನ್ನು ಜನ ಏಕೆ ಇಷ್ಟಪಡುತ್ತಾರೆಂದು ಈಗ ಸ್ವಲ್ಪ ಅರ್ಥವಾಗುತ್ತದೆ. ದಿನಾ ಪಕ್ಕದಲ್ಲಿ ಕೂರುವವರ ಬಗ್ಗೆ ನಮಗೆ ಗೊತ್ತಿರುವುದು ಎಷ್ಟು ಕಡಿಮೆ! ಆ ಖಾಲಿ ಜಾಗವನ್ನು ನಾವು ಪ್ರೀತಿಯಿಂದಲೂ ತುಂಬುತ್ತೇವೆ, ಅನುಮಾನದಿಂದಲೂ ತುಂಬುತ್ತೇವೆ. ನಾನು ಎರಡನ್ನೂ ತುಂಬಿದೆ, ಅವಳನ್ನು ಒಂದು ಮಾತು ಕೇಳದೆ. ನಾಳೆ ನೀವೂ ಎಲ್ಲೋ ಕೆಲಸಕ್ಕೆ ಸೇರುತ್ತೀರಿ. ಅಲ್ಲಿ ಒಂದು ದಿನ ಲೆಕ್ಕ ತಪ್ಪುತ್ತದೆ. ಹೊಸಬರ ಕಡೆ, ಬಡವರ ಕಡೆ, ಮೆಲ್ಲಗೆ ಫೋನಿನಲ್ಲಿ ಮಾತಾಡುವವರ ಕಡೆ ಎಲ್ಲರೂ ತಿರುಗುತ್ತಾರೆ. ಆಗ ಮೊದಲು ನಿಮ್ಮ ಸ್ವಂತ ಚೀಟಿ ನೋಡಿಕೊಳ್ಳಿ.

ಸೀಸನ್ ಮುಗಿದ ಮೇಲೆ, ಮೇ ತಿಂಗಳಲ್ಲಿ, ಹಾವೇರಿ ಬಸ್ ನಿಲ್ದಾಣದಲ್ಲಿ ಅವಳನ್ನು ಭೇಟಿಯಾದೆ. ಪುಸ್ತಕ ಕೊಡಬೇಕಿತ್ತು. ಅವಳ ಲಾಟ್ ಚೀಟಿಯನ್ನು ನಿಂತಲ್ಲಿಂದ ಕದಲಿಸಿರಲಿಲ್ಲ. ತೆರೆದು ನೋಡಿದಳು, ಮುಚ್ಚಿದಳು.

‘ನಿಮ್ಮ ಕಾದಂಬರಿ ಮುಗೀತೇನ್ರಿ? ಕೊಲಿ ಮಾಡಿದವ್ರು ಯಾರು?’

‘ಕಂಪ್ಯೂಟರ್ ಮುಂದ ಕುಂತಾವ’ ಎಂದೆ.

ಅವಳು ನಗಲಿಲ್ಲ. ಆದರೆ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು, ‘ಓದಿ ಮುಗಿಸಿ ಹೇಳ್ತೀನಿ’ ಎಂದು ಬಸ್ ಹತ್ತಿದಳು.