ಔಷಧದ ಚೀಟಿಯೂ ತೆರಿಗೆಯ ಲೆಕ್ಕವೂ

ಮನೆಯಲ್ಲಿ ವೃದ್ಧರಿದ್ದರೆ, ತಿಂಗಳ ಖರ್ಚಿನ ಪುಸ್ತಕದಲ್ಲಿ ದಿನಸಿಯ ಕೆಳಗೆ ಔಷಧಕ್ಕೂ ಒಂದು ಸಾಲು ಇರತಕ್ಕದ್ದೇ. ಆ ಸಾಲಿನ ಭಾರವನ್ನು ವರಮಾನ ತೆರಿಗೆಯ ಕಾಯಿದೆಯು ಸ್ವಲ್ಪ ಇಳಿಸುವುದುಂಟು. ಇದು ವಿಮೆಯುಳ್ಳವರಿಗೆ ಮಾತ್ರವೆಂದು ಭಾವಿಸಿ ಸುಮ್ಮನಾಗುವುದು ಸರಿಯಲ್ಲ.

ವಿಜಯನಗರದಲ್ಲಿ ಸಂಬಳದಾರ ಗೃಹಸ್ಥರೊಬ್ಬರಿರುವರೆಂದು ಇಟ್ಟುಕೊಳ್ಳೋಣ. ಅವರ ತಾಯಿಯವರು ಕೆಂಗೇರಿಯಲ್ಲಿ ವಾಸವಾಗಿದ್ದಾರೆ, ವಯಸ್ಸು 72, ಆರೋಗ್ಯ ವಿಮೆಯಿಲ್ಲ. ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ತಿಂಗಳಿಗೆ 4,000 ರೂಪಾಯಿನಂತೆ ವರ್ಷಕ್ಕೆ 48,000 ರೂಪಾಯಿ ವೆಚ್ಚ. 60 ವರ್ಷ ತುಂಬಿದ, ವಿಮೆಯಿಲ್ಲದ ತಂದೆತಾಯಿಗಳ ಚಿಕಿತ್ಸೆಗಾಗಿ ಮಕ್ಕಳು ತೆತ್ತ ಹಣವನ್ನು, ವರ್ಷಕ್ಕೆ 50,000 ರೂಪಾಯಿಯವರೆಗೆ, ತಮ್ಮ ಆದಾಯದಿಂದ ಕಳೆದುಕೊಳ್ಳಬಹುದು. 1961ರ ಕಾಯಿದೆಯಲ್ಲಿ ಇದು 80-ಡಿ ಪ್ರಕರಣವಾಗಿತ್ತು. 2025ರ ಕಾಯಿದೆಯಲ್ಲಿ ಅಂಕೆ ಬದಲಾದರೂ ಸೌಲಭ್ಯ ಉಳಿದಿದೆ. ತಾಯಿಯವರು ಮಗನ ಆಶ್ರಯದಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಅತ್ತೆಮಾವಂದಿರ ವೆಚ್ಚಕ್ಕೆ ಮಾತ್ರ ಇದು ಸಲ್ಲದು; ಅದನ್ನು ಪತ್ನಿಯು ತನ್ನ ಹಣದಿಂದ ತೆತ್ತು, ತನ್ನ ಲೆಕ್ಕದಲ್ಲಿ ತೋರಿಸಬೇಕು.

ಇಲ್ಲಿ ಎಡವುವ ಸ್ಥಳಗಳು ಎರಡು. ಮೊದಲನೆಯದು ನಗದು. ಬೀದಿಯ ಮೂಲೆಯ ಔಷಧದಂಗಡಿಯಲ್ಲಿ ನೋಟು ಕೊಟ್ಟು ಕೊಂಡ ಮಾತ್ರೆ ಈ ಲೆಕ್ಕಕ್ಕೆ ಬಾರದು. ಚೆಕ್ಕಿನಿಂದಾಗಲಿ, ಕಾರ್ಡಿನಿಂದಾಗಲಿ, ಯು.ಪಿ.ಐ. ಮೂಲಕವಾಗಲಿ ಮಗನ ಖಾತೆಯಿಂದಲೇ ಹಣ ಸಲ್ಲಬೇಕು. ತಾಯಿಯ ಹೆಸರಿನ ರಸೀದಿಯನ್ನೂ ವೈದ್ಯರ ಚೀಟಿಯನ್ನೂ ಜೋಪಾನವಾಗಿಡಬೇಕು.

ಎರಡನೆಯದು ಪದ್ಧತಿಯ ಆಯ್ಕೆ. ಈ ಕಳೆತವು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ದೊರೆಯುವುದು. ನಾವಾಗಿ ಆರಿಸದಿದ್ದರೆ ಹೊಸ ಪದ್ಧತಿಯೇ ಅನ್ವಯಿಸುವುದು. ಹಳೆಯದರಲ್ಲಿ ಶೇಕಡ 30ರ ಹಂತದವರಿಗೆ, ಸೆಸ್ ಸೇರಿ, ಮೇಲಿನ 48,000ಕ್ಕೆ 14,976 ರೂಪಾಯಿ ತೆರಿಗೆ ಉಳಿಯುವುದು. ಆದರೆ ಹೊಸ ಪದ್ಧತಿಯಲ್ಲಿ ದರವೇ ಕಡಿಮೆ. 2025–26ನೆಯ ಸಾಲಿನಿಂದ 12 ಲಕ್ಷದವರೆಗಿನ ಸಂಬಳದ ಆದಾಯಕ್ಕೆ ತೆರಿಗೆಯೇ ಇಲ್ಲ. ಆದಕಾರಣ ಗೃಹಸಾಲದ ಬಡ್ಡಿ, ಮನೆ ಬಾಡಿಗೆ, ಭವಿಷ್ಯನಿಧಿ ಮುಂತಾದ ಕಳೆತಗಳೂ ಹೇರಳವಾಗಿದ್ದವರಿಗೆ ಮಾತ್ರ ಹಳೆಯದು ಲಾಭಕರವಾದೀತು. ಎರಡನ್ನೂ ಲೆಕ್ಕ ಹಾಕಿ ನೋಡಿ, ಗಡುವಿನೊಳಗೆ ವಿವರಪಟ್ಟಿ ಸಲ್ಲಿಸತಕ್ಕದ್ದು.

ಕ್ಯಾನ್ಸರ್, ಮೂತ್ರಪಿಂಡದ ವೈಫಲ್ಯ ಮುಂತಾದ ಗೊತ್ತುಪಡಿಸಿದ ರೋಗಗಳಿಗೆ ಹಳೆಯ ಪದ್ಧತಿಯಲ್ಲಿ ಬೇರೊಂದು ಕಳೆತವುಂಟು: 40,000, ಹಿರಿಯರಿಗೆ 1,00,000 ರೂಪಾಯಿಯವರೆಗೆ. ತಜ್ಞವೈದ್ಯರ ಚೀಟಿ ಅವಶ್ಯಕ. ವಿಮೆಯಿಂದ ಬಂದ ಹಣವನ್ನು ಕಳೆಯಬೇಕು.

ಕಾಯಿಲೆಯು ಹೇಳಿ ಬರುವುದಿಲ್ಲ. ರಸೀದಿಯಾದರೋ ನಾವು ಕೇಳಿದರೆ ಮಾತ್ರ ಬರುವುದು. ಈ ತಿಂಗಳಿನಿಂದಲೇ ಅದಕ್ಕೊಂದು ಲಕೋಟೆಯನ್ನು ತೆಗೆದಿರಿಸಿ.